‘ಮನೆ ಖಾಲಿ ಮಾಡಿ’ ಅಂತ ನೋಟಿಸ್ ಬಂದಿದೆಯಾ? ಕ್ಯಾಲಿಫೋರ್ನಿಯಾದಲ್ಲಿ ಬಾಡಿಗೆಗಿರುವವರಿಗೆ ಹಂತ ಹಂತದ ಮಾರ್ಗದರ್ಶಿ

‘ಓನರ್ 60 ದಿನದ ನೋಟಿಸ್ ಕೊಟ್ಟಿದ್ದಾರೆ. ಖಾಲಿ ಮಾಡಲೇಬೇಕಾ?’ ಬೇ ಏರಿಯಾದ ಕನ್ನಡದವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ಅರ್ಧ ಜನ ಆಗಲೇ ಡಬ್ಬಗಳನ್ನು ತಂದು ಪಾತ್ರೆ ತುಂಬಲು ಶುರು ಮಾಡಿರುತ್ತಾರೆ. ಇನ್ನರ್ಧ ಜನ ಕೋರ್ಟಿನ ಕಾಗದ ಬಂದು ವಾರವಾದರೂ ಅದನ್ನು ಫ್ರಿಜ್ ಮೇಲಿಟ್ಟು ಸುಮ್ನೆ ಕೂತಿರುತ್ತಾರೆ. ಎರಡೂ ತಪ್ಪು.

ಊರಿನಲ್ಲಿ ನಮಗೆ ಬೇರೆ ಅಭ್ಯಾಸ. 11 ತಿಂಗಳ ಅಗ್ರಿಮೆಂಟ್, ಮುಗಿದ ಮೇಲೆ ಓನರ್ ಹೇಳಿದ್ದೇ ಮಾತು. ಕ್ಯಾಲಿಫೋರ್ನಿಯಾದಲ್ಲಿ ಹಾಗಿಲ್ಲ. ಇಲ್ಲಿ ಓನರ್ ಕೊಡುವ ನೋಟಿಸು ಆದೇಶವಲ್ಲ. ಓನರ್ ಕೋರ್ಟಿಗೆ ಹೋಗಿ, ಕೇಸು ಗೆದ್ದು, ಷೆರಿಫ್ (ಕೋರ್ಟಿನ ಆದೇಶ ಜಾರಿ ಮಾಡುವ ಅಧಿಕಾರಿ) ಬಾಗಿಲಿಗೆ ಬರುವ ತನಕ ನಿಮ್ಮನ್ನು ಮನೆಯಿಂದ ಹೊರಗೆ ಹಾಕುವ ಅಧಿಕಾರ ಯಾರಿಗೂ ಇಲ್ಲ. ಆದರೆ ಕೋರ್ಟಿನ ಗಡಿಯಾರ ಒಮ್ಮೆ ಓಡಲು ಶುರುವಾದರೆ ಬಹಳ ಜೋರಾಗಿ ಓಡುತ್ತದೆ. ಕೆಳಗಿರುವುದೆಲ್ಲ ಈ ಎರಡು ಮಾತಿನ ವಿವರ.

ನಾನು ವಕೀಲ ಅಲ್ಲ. ಇದು ದಾರಿ ತೋರಿಸುವ ಬರಹ ಅಷ್ಟೆ. ನಿಮ್ಮ ಕೇಸಿಗೆ ಬಾಡಿಗೆದಾರರ ಪರ ಕೆಲಸ ಮಾಡುವ ವಕೀಲರನ್ನೋ ಉಚಿತ ಕಾನೂನು ನೆರವಿನವರನ್ನೋ ಕೇಳಿ.

ಹಂತ 1: ಕೈಗೆ ಬಂದಿರುವ ಕಾಗದ ಯಾವುದು?

ಮೊದಲು ಕಾಗದದ ತಲೆಬರಹ ಓದಿ. ಬರುವುದು ಸಾಮಾನ್ಯವಾಗಿ ಇಷ್ಟರಲ್ಲಿ ಒಂದು.

3 ದಿನದ ನೋಟಿಸ್, ಬಾಡಿಗೆ ಬಾಕಿಗೆ. ಕೇಳಿರುವ ಮೊತ್ತ ಸರಿಯಿದ್ದು, ಮೂರು ದಿನದೊಳಗೆ ಪೂರ್ತಿ ಕಟ್ಟಿದರೆ ಕಥೆ ಅಲ್ಲಿಗೇ ಮುಗಿಯಿತು. ಈ ಮೂರು ದಿನದಲ್ಲಿ ಶನಿವಾರ, ಭಾನುವಾರ ಮತ್ತು ಕೋರ್ಟಿನ ರಜೆ ಲೆಕ್ಕಕ್ಕಿಲ್ಲ. ಗುರುವಾರ ಕೈಗೆ ಸಿಕ್ಕಿದರೆ ಶುಕ್ರವಾರ ಒಂದು, ಸೋಮವಾರ ಎರಡು, ಮಂಗಳವಾರ ಮೂರು. ಬುಧವಾರಕ್ಕಿಂತ ಮುಂಚೆ ಓನರ್ ಕೇಸು ಹಾಕುವಂತಿಲ್ಲ.

3 ದಿನದ ನೋಟಿಸ್, ಲೀಸಿನ ಷರತ್ತು ಮುರಿದಿದ್ದಕ್ಕೆ. ನಾಯಿ ಸಾಕಿದ್ದು, ಹೆಚ್ಚು ಜನ ಇದ್ದದ್ದು, ಹೀಗೆ. ನಮ್ಮವರಲ್ಲಿ ಇದು ಬರುವುದು ಹೆಚ್ಚಾಗಿ ಅಪ್ಪ ಅಮ್ಮ ಆರು ತಿಂಗಳಿಗೆ ಬಂದಾಗ. ‘ಅತಿಥಿಗಳು ಇಷ್ಟು ದಿನಕ್ಕಿಂತ ಹೆಚ್ಚು ಇರುವಂತಿಲ್ಲ’ ಎಂಬ ಸಾಲು ಎಷ್ಟೋ ಲೀಸುಗಳಲ್ಲಿರುತ್ತದೆ, ಯಾರೂ ಓದಿರುವುದಿಲ್ಲ. ಟಿಕೆಟ್ ಬುಕ್ ಮಾಡುವ ಮುಂಚೆ ಆ ಸಾಲು ಹುಡುಕಿ, ಓನರ್ ಹತ್ತಿರ ಇಮೇಲಿನಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

30 ಅಥವಾ 60 ದಿನದ ನೋಟಿಸ್. ನೀವು ಆ ಮನೆಯಲ್ಲಿದ್ದು ಒಂದು ವರ್ಷ ಆಗಿಲ್ಲದಿದ್ದರೆ 30, ಆಗಿದ್ದರೆ 60. ಇದರಲ್ಲಿ ಶನಿವಾರ ಭಾನುವಾರವೂ ಸೇರುತ್ತದೆ. ಲೀಸಿನ ಅವಧಿ ಇನ್ನೂ ಬಾಕಿ ಇದ್ದರೆ ಓನರ್ ಸುಮ್ಮನೆ ಈ ನೋಟಿಸ್ ಕೊಟ್ಟು ಎಬ್ಬಿಸಲು ಆಗುವುದಿಲ್ಲ.

ಸಮನ್ಸ್ ಮತ್ತು ದೂರು. ಇದು ಓನರಿನ ಕಾಗದ ಅಲ್ಲ, ಕೋರ್ಟಿನದು. ಮೇಲ್ಗಡೆ ಕೇಸ್ ನಂಬರ್ ಇರುತ್ತದೆ, ‘ಅನ್‌ಲಾಫುಲ್ ಡಿಟೇನರ್’ ಎಂದು ಬರೆದಿರುತ್ತದೆ. ಮನೆ ಬಿಡಿಸುವ ದಾವೆ ಎಂದು ಅದರ ಅರ್ಥ. ಇದು ಬಂದಿದ್ದರೆ ಮುಂದಿನ ಹಂತಗಳನ್ನು ಬಿಟ್ಟು ಮೊದಲು ಹಂತ 6 ಓದಿ.

ಯಾವ ಕಾಗದವೇ ಆಗಲಿ, ಬಂದ ದಿನ, ಹೊತ್ತು, ಯಾರು ಕೊಟ್ಟರು, ಕೈಗೆ ಕೊಟ್ಟರೋ ಬಾಗಿಲಿಗೆ ಅಂಟಿಸಿದರೋ ಬರೆದಿಡಿ. ಫೋಟೋ ತೆಗೆಯಿರಿ. ಕವರ್ ಕೂಡ ಎಸೆಯಬೇಡಿ.

ಹಂತ 2: ನಿಮ್ಮ ಮನೆಗೆ ಯಾವ ಕಾನೂನು ಅನ್ವಯ?

ಇಲ್ಲಿ ಎಲ್ಲರೂ ಎಡವುತ್ತಾರೆ. ರಾಜ್ಯಕ್ಕೆ ಒಂದು ಕಾನೂನು, ಅದರ ಮೇಲೆ ಕೆಲವು ಊರುಗಳಿಗೆ ತಮ್ಮದೇ ಇನ್ನೊಂದು. ಊರಿನ ಕಾನೂನು ಬಾಡಿಗೆದಾರರಿಗೆ ಹೆಚ್ಚು ರಕ್ಷಣೆ ಕೊಟ್ಟರೆ ಅದೇ ನಡೆಯುತ್ತದೆ. ಪಕ್ಕದ ಊರಿನ ಗೆಳೆಯನಿಗೆ ಸಿಕ್ಕಿದ್ದು ನಿಮಗೂ ಸಿಗುತ್ತದೆ ಎಂದುಕೊಳ್ಳಬೇಡಿ. ಕೆಲವೊಮ್ಮೆ ರಸ್ತೆ ದಾಟಿದರೆ ಊರೇ ಬದಲಾಗಿರುತ್ತದೆ.

ಮೊದಲು ರಾಜ್ಯದ ಕಾನೂನು. 2020ರ ಜನವರಿ 1ರಿಂದ ಜಾರಿಯಲ್ಲಿರುವ ಬಾಡಿಗೆದಾರರ ರಕ್ಷಣಾ ಕಾಯ್ದೆಯನ್ನು ಎಲ್ಲರೂ ಕರೆಯುವುದು ‘ಎಬಿ 1482’ ಎಂದು. ಸದ್ಯಕ್ಕೆ ಅದರ ಆಯಸ್ಸು 2030ರ ಜನವರಿ 1ರ ತನಕ. ನೀವು ಒಂದು ಮನೆಯಲ್ಲಿ 12 ತಿಂಗಳು ಇದ್ದ ಮೇಲೆ, ಕಾನೂನು ಒಪ್ಪುವ ಕಾರಣ ಇಲ್ಲದೆ ಓನರ್ ನಿಮ್ಮನ್ನು ಬಿಡಿಸುವಂತಿಲ್ಲ ಎನ್ನುತ್ತದೆ ಇದು. ಲೀಸ್ ಮುಗಿಯಿತು ಎನ್ನುವುದು ಕಾರಣವೇ ಅಲ್ಲ. ನಮ್ಮವರಿಗೆ ಇದೊಂದು ಮಾತು ತಲೆಗೆ ಹೋಗುವುದು ಕಷ್ಟ, ಆದ್ದರಿಂದ ಎರಡು ಸಲ ಓದಿಕೊಳ್ಳಿ.

ಕಾರಣಗಳಲ್ಲಿ ಎರಡು ಜಾತಿ. ಒಂದು, ‘ತಪ್ಪಿನ ಕಾರಣ’: ಬಾಡಿಗೆ ಕಟ್ಟಿಲ್ಲ, ಷರತ್ತು ಮುರಿದಿದ್ದೀರಿ, ಅಕ್ಕಪಕ್ಕದವರಿಗೆ ಉಪದ್ರವ ಕೊಡುತ್ತಿದ್ದೀರಿ. ಇನ್ನೊಂದು, ‘ತಪ್ಪಿಲ್ಲದ ಕಾರಣ’: ಓನರೋ ಅವರ ಮನೆಯವರೋ ಬಂದು ಇರಬೇಕು, ಕಟ್ಟಡ ಕೆಡವಬೇಕು ಅಥವಾ ದೊಡ್ಡ ರಿಪೇರಿ ಆಗಬೇಕು, ಬಾಡಿಗೆಗೆ ಕೊಡುವುದನ್ನೇ ನಿಲ್ಲಿಸುತ್ತಾರೆ, ಸರ್ಕಾರವೇ ಖಾಲಿ ಮಾಡಿಸಲು ಹೇಳಿದೆ. ಸ್ಥಳಾಂತರದ ಹಣ ಸಿಗುವುದು ಈ ಎರಡನೇ ಜಾತಿಯಲ್ಲಿ ಮಾತ್ರ.

ಯಾರಿಗೆ ಈ ಕಾಯ್ದೆ ಸಿಗುವುದಿಲ್ಲ? ಕಳೆದ 15 ವರ್ಷದೊಳಗೆ ವಾಸಕ್ಕೆ ಅನುಮತಿ ಪಡೆದ ಹೊಸ ಕಟ್ಟಡಗಳಿಗೆ ಇಲ್ಲ. ಈ 15 ವರ್ಷ ಉರುಳುವ ಲೆಕ್ಕ. 2008ರಲ್ಲಿ ಅನುಮತಿ ಸಿಕ್ಕಿದ್ದ ಕಟ್ಟಡ 2023ರಲ್ಲಿ ಕಾಯ್ದೆಯೊಳಗೆ ಬಂತು. ‘ನಾನು ಸೇರುವಾಗ ಹೊಸದಾಗಿತ್ತು’ ಎಂದು ಬಿಟ್ಟುಬಿಡಬೇಡಿ. ಓನರ್ ಒಂದು ಭಾಗದಲ್ಲಿ ತಾವೇ ಇರುವ ಎರಡು ಮನೆಯ ಡ್ಯೂಪ್ಲೆಕ್ಸ್‌ಗೂ ಇಲ್ಲ. ಓನರ್ ಜೊತೆ ಅಡುಗೆಮನೆ ಅಥವಾ ಬಚ್ಚಲು ಹಂಚಿಕೊಂಡಿದ್ದರೂ ಇಲ್ಲ.

ಬಿಡಿ ಮನೆ ಮತ್ತು ಕಾಂಡೋಗಳ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಮ್ಮವರು ಜಾಸ್ತಿ ಇರುವುದು ಅಲ್ಲೇ. ಓನರ್ ಕಂಪನಿ ಅಲ್ಲ, ಒಬ್ಬ ವ್ಯಕ್ತಿ ಎಂದಾದರೆ ಇಂಥ ಮನೆ ಕಾಯ್ದೆಯಿಂದ ಹೊರಗೆ ಉಳಿಯಬಹುದು. ಆದರೆ ತಾನಾಗಿ ಉಳಿಯುವುದಿಲ್ಲ. ‘ಈ ಮನೆಗೆ ಆ ಕಾಯ್ದೆ ಅನ್ವಯಿಸುವುದಿಲ್ಲ’ ಎಂದು ಕಾನೂನು ಹೇಳಿದ ಮಾತುಗಳಲ್ಲೇ ಓನರ್ ನಿಮಗೆ ಬರೆದು ಕೊಟ್ಟಿರಬೇಕು. ಲೀಸಿನಲ್ಲಿ ಆ ಸಾಲುಗಳು ಇಲ್ಲವೇ? ಹಾಗಾದರೆ ರಕ್ಷಣೆ ನಿಮಗಿದೆ ಎಂದು ವಾದಿಸಬಹುದು. ಎಷ್ಟೋ ಓನರ್‌ಗಳು ಇದನ್ನು ಮರೆತಿರುತ್ತಾರೆ. ಅದರಲ್ಲೂ ‘ನಮ್ಮೂರವರೇ ಅಲ್ವಾ’ ಎಂದು ಬಾಯಿಮಾತಿನಲ್ಲಿ ಮನೆ ಕೊಟ್ಟವರು ಹೆಚ್ಚು ಮರೆತಿರುತ್ತಾರೆ.

ಈಗ ಊರಿನ ಕಾನೂನು. ಎಲ್ಲ ಊರುಗಳದ್ದೂ ಬರೆದರೆ ಪುಸ್ತಕವಾಗುತ್ತದೆ, ಮುಖ್ಯವಾದವು ಮಾತ್ರ:

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1979ರ ಬಾಡಿಗೆ ಕಾನೂನು ಇದೆ, ನೋಡಿಕೊಳ್ಳಲು ರೆಂಟ್ ಬೋರ್ಡ್ ಇದೆ. ಬಾಡಿಗೆ ಏರಿಕೆಯ ಮಿತಿ ಮುಖ್ಯವಾಗಿ 1979ರ ಜೂನ್ 13ಕ್ಕೆ ಮುಂಚಿನ ಕಟ್ಟಡಗಳಿಗೆ. ಆದರೆ ಕಾರಣವಿಲ್ಲದೆ ಬಿಡಿಸಬಾರದು ಎಂಬ ನಿಯಮ ಈಗ ಹೊಸ ಕಟ್ಟಡಗಳಿಗೂ ಇದೆ.

ಸ್ಯಾನ್ ಹೋಸೆಯಲ್ಲಿ 1979ರ ಸೆಪ್ಟೆಂಬರ್ 7ಕ್ಕೆ ಮುಂಚೆ ಕಟ್ಟಿದ, ಮೂರು ಅಥವಾ ಹೆಚ್ಚು ಮನೆಗಳ ಅಪಾರ್ಟ್‌ಮೆಂಟಿಗೆ ವರ್ಷಕ್ಕೆ ಶೇಕಡಾ 5ರ ಏರಿಕೆ ಮಿತಿ. ಕಾರಣ ಕೊಟ್ಟೇ ಬಿಡಿಸಬೇಕು ಎಂಬ ನಿಯಮ 2017ರಿಂದ ಇದೆ.

ಮೌಂಟನ್ ವ್ಯೂನಲ್ಲಿ 2016ರ ನವೆಂಬರಿನಲ್ಲಿ ಜನರೇ ಮತ ಹಾಕಿ ತಂದ ಕಾನೂನು ಇದೆ. ಓಕ್‌ಲ್ಯಾಂಡ್, ಬರ್ಕ್ಲಿಗೂ ತಮ್ಮದೇ ಇದೆ. ಲಾಸ್ ಏಂಜಲೀಸ್‌ನಲ್ಲಿ 1978ರ ಅಕ್ಟೋಬರ್ 1 ಅಥವಾ ಅದಕ್ಕೂ ಮುಂಚಿನ ಕಟ್ಟಡಕ್ಕೆ ಹಳೆಯ ಬಾಡಿಗೆ ನಿಯಂತ್ರಣ, ಉಳಿದ ಹೆಚ್ಚಿನ ಮನೆಗಳಿಗೆ 2023ರ ಜನವರಿಯಿಂದ ಕಾರಣ ಕೊಡುವ ನಿಯಮ.

ಫ್ರೀಮಾಂಟ್‌ನಲ್ಲಿ ಬಾಡಿಗೆ ಏರಿಕೆಯ ತಕರಾರನ್ನು ಊರಿನ ಮುಂದೆ ಒಯ್ಯುವ ಏರ್ಪಾಡು ಇದೆ ಅಷ್ಟೆ. ಮನೆ ಬಿಡಿಸುವ ವಿಷಯಕ್ಕೆ ರಾಜ್ಯದ ಕಾನೂನೇ ಗತಿ.

ನಿಮ್ಮ ಮನೆ ಯಾವ ವರ್ಷದ್ದು ಎಂದು ಕೌಂಟಿಯ ಆಸ್ತಿ ದಾಖಲೆಯಲ್ಲಿ ಅಥವಾ ಊರಿನ ಕಟ್ಟಡ ಇಲಾಖೆಯಲ್ಲಿ ಸಿಗುತ್ತದೆ. ಊರಿನ ವಸತಿ ಇಲಾಖೆಗೆ ಫೋನ್ ಮಾಡಿ ವಿಳಾಸ ಹೇಳಿದರೆ ಹತ್ತು ನಿಮಿಷದ ಕೆಲಸ. ಇದನ್ನು ಇವತ್ತೇ ಮಾಡಿ.

ಹಂತ 3: ನೋಟಿಸಿನಲ್ಲಿ ತಪ್ಪು ಹುಡುಕಿ

ಇಲ್ಲಿಯ ಕೋರ್ಟುಗಳು ಮನೆ ಬಿಡಿಸುವ ನೋಟಿಸನ್ನು ಅಕ್ಷರ ಅಕ್ಷರ ನೋಡುತ್ತವೆ. ಕೇಸು ಬೇಗ ಮುಗಿಯುವ ಸೌಲಭ್ಯ ಓನರಿಗೆ ಇರುವುದರಿಂದ, ನಿಯಮ ಪಾಲನೆಯಲ್ಲಿ ಸಡಿಲ ಇಲ್ಲ. ನೋಟಿಸ್ ತಪ್ಪಾಗಿದ್ದರೆ ಕೇಸು ಬೀಳುತ್ತದೆ. ಓನರ್ ಮತ್ತೆ ಮೊದಲಿನಿಂದ ಶುರು ಮಾಡಬೇಕು.

ಬಾಡಿಗೆ ಬಾಕಿಯ ನೋಟಿಸಿನಲ್ಲಿ ನೋಡಬೇಕಾದದ್ದು ಮೊತ್ತ. ನಿಜವಾದ ಬಾಕಿಗಿಂತ ಜಾಸ್ತಿ ಕೇಳಿದ್ದರೆ ನೋಟಿಸ್ ನಿಲ್ಲುವುದಿಲ್ಲ. ತಡವಾದ ಶುಲ್ಕ ಸೇರಿಸಿದ್ದಾರಾ? ಒಂದು ವರ್ಷಕ್ಕಿಂತ ಹಳೆಯ ಬಾಕಿ ಸೇರಿಸಿದ್ದಾರಾ? ಬಾಡಿಗೆಯನ್ನೇ ಕಾನೂನಿನ ಮಿತಿ ಮೀರಿ ಏರಿಸಿ ಆ ವ್ಯತ್ಯಾಸವನ್ನು ಬಾಕಿ ಅನ್ನುತ್ತಿದ್ದಾರಾ? ರಾಜ್ಯದ ಮಿತಿ ವರ್ಷಕ್ಕೆ ಶೇಕಡಾ 5ರ ಜೊತೆ ಬೆಲೆ ಏರಿಕೆಯ ಪ್ರಮಾಣ, ಎಲ್ಲ ಸೇರಿ ಶೇಕಡಾ 10 ದಾಟುವಂತಿಲ್ಲ. ಹಣ ಯಾರಿಗೆ, ಎಲ್ಲಿ ಕೊಡಬೇಕು, ಫೋನ್ ನಂಬರ್ ಏನು ಎಂದೂ ನೋಟಿಸಿನಲ್ಲಿ ಇರಬೇಕು.

ಷರತ್ತು ಮುರಿದ ನೋಟಿಸ್ ಆದರೆ, ಸರಿಪಡಿಸಬಹುದಾದ ತಪ್ಪಿಗೆ ಮೊದಲು ಸರಿಪಡಿಸಲು ಅವಕಾಶ ಕೊಟ್ಟಿದ್ದಾರಾ ನೋಡಿ. ಎಬಿ 1482 ಅನ್ವಯಿಸುವ ಮನೆಯಲ್ಲಿ ಆ ಅವಕಾಶ ಕೊಡದೆ ನೇರವಾಗಿ ‘ಹೊರಡಿ’ ಎನ್ನುವಂತಿಲ್ಲ.

ಎಬಿ 1482 ಅನ್ವಯಿಸುವ ಮನೆಗೆ ಕೊಟ್ಟ 60 ದಿನದ ನೋಟಿಸಿನಲ್ಲಿ ಕಾರಣ ಬರೆದಿರಬೇಕು, ಸ್ಥಳಾಂತರ ಹಣದ ವಿಷಯವೂ ಬರೆದಿರಬೇಕು. ಎರಡರಲ್ಲಿ ಒಂದಿಲ್ಲದಿದ್ದರೂ ನೋಟಿಸಿಗೆ ಬೆಲೆ ಇಲ್ಲ.

ಅತಿ ಹೆಚ್ಚು ದುರುಪಯೋಗ ಆಗುವ ಕಾರಣ ‘ನಾವೇ ಬಂದು ಇರುತ್ತೇವೆ’. ಅದಕ್ಕೇ 2024ರ ಏಪ್ರಿಲ್ 1ರಿಂದ ನಿಯಮ ಬಿಗಿಯಾಗಿದೆ. ಬಂದು ಇರುವವರು ಯಾರು, ಓನರಿಗೆ ಏನಾಗಬೇಕು ಎಂದು ನೋಟಿಸಿನಲ್ಲೇ ಹೆಸರು ಸಮೇತ ಬರೆಯಬೇಕು. ರಾಜ್ಯದ ಕಾನೂನಿನಲ್ಲಿ ಈ ಪಟ್ಟಿಗೆ ಸೇರುವವರು ಓನರ್, ಗಂಡ ಅಥವಾ ಹೆಂಡತಿ, ಕಾನೂನಿನಂತೆ ನೋಂದಾಯಿಸಿದ ಸಂಗಾತಿ, ಮಕ್ಕಳು, ಮೊಮ್ಮಕ್ಕಳು, ಅಪ್ಪ ಅಮ್ಮ, ಅಜ್ಜ ಅಜ್ಜಿ. ತಮ್ಮ, ತಂಗಿ, ಭಾವಮೈದುನ ಇದರಲ್ಲಿ ಇಲ್ಲ! ಅವರು 90 ದಿನದೊಳಗೆ ಬಂದು ಸೇರಬೇಕು, ಕಡಿಮೆಯೆಂದರೆ 12 ತಿಂಗಳು ಅದೇ ಮನೆಯಲ್ಲಿ ಇರಬೇಕು. ಅದೇ ಕಟ್ಟಡದಲ್ಲಿ ಅಂಥದ್ದೇ ಇನ್ನೊಂದು ಮನೆ ಖಾಲಿ ಇದ್ದರೆ ನಿಮ್ಮದನ್ನು ಕೇಳುವಂತಿಲ್ಲ. ಇನ್ನೂ ಒಂದು ಮಾತಿದೆ. 2020ರ ಜುಲೈ 1ರ ನಂತರ ಮಾಡಿಕೊಂಡ ಲೀಸ್ ಆದರೆ, ಹೀಗೆ ಮನೆ ವಾಪಸ್ ಕೇಳಬಹುದು ಎಂಬ ಷರತ್ತು ಲೀಸಿನಲ್ಲಿ ಇರಬೇಕು, ಇಲ್ಲವೇ ನೀವು ಬರೆದು ಒಪ್ಪಿರಬೇಕು.

‘ದೊಡ್ಡ ರಿಪೇರಿ’ ಎಂದರೆ ಬಣ್ಣ ಬಳಿಯುವುದು, ಕಾರ್ಪೆಟ್ ಬದಲಿಸುವುದು ಅಲ್ಲ. ಪರ್ಮಿಟ್ ಬೇಕಾಗುವ, ಜನ ಒಳಗಿದ್ದರೆ ಮಾಡಲಾಗದ, ಕನಿಷ್ಠ 30 ದಿನ ಮನೆ ಖಾಲಿ ಇರಬೇಕಾದ ಕೆಲಸ ಆಗಿರಬೇಕು. ಪರ್ಮಿಟ್ ಬೇಕಾದ ಕೆಲಸಕ್ಕೆ ಅದರ ಪ್ರತಿಯನ್ನು ನೋಟಿಸ್ ಜೊತೆಗೇ ಕೊಡಬೇಕು. ಅಡುಗೆಮನೆಯ ಕಲ್ಲು ಹೊಸದಾಗಿ ಹಾಕಿಸಿ ಬಾಡಿಗೆ ಏರಿಸುವ ಆಸೆಗೆ ‘ರಿಪೇರಿ’ ಎಂದು ಹೆಸರಿಟ್ಟಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ತಪ್ಪು ಸಿಕ್ಕ ಕೂಡಲೇ ಓನರಿಗೆ ಉದ್ದ ಇಮೇಲ್ ಬರೆದು ಪಾಠ ಹೇಳಲು ಹೋಗಬೇಡಿ. ಅವರು ತಿದ್ದಿದ ನೋಟಿಸ್ ಕೊಡುತ್ತಾರೆ ಅಷ್ಟೆ. ಯಾವಾಗ ಹೇಳಬೇಕು ಎಂಬುದನ್ನು ವಕೀಲರ ಹತ್ತಿರ ಕೇಳಿ ತೀರ್ಮಾನಿಸಿ.

ಹಂತ 4: ಸ್ಥಳಾಂತರದ ಹಣ ಎಷ್ಟು, ಯಾವಾಗ?

ಸ್ಥಳಾಂತರ ಹಣ ಎಂದರೆ ನಿಮ್ಮ ತಪ್ಪಿಲ್ಲದೆ ಮನೆ ಬಿಡಬೇಕಾದಾಗ ಓನರ್ ಕೊಡಬೇಕಾದ ಮೊತ್ತ. ದಾನ ಅಲ್ಲ, ಔದಾರ್ಯ ಅಲ್ಲ. ರಾಜ್ಯದ ಕಾನೂನಿನಲ್ಲಿ ಇದು ಒಂದು ತಿಂಗಳ ಬಾಡಿಗೆ. ನೋಟಿಸ್ ಕೊಟ್ಟ 15 ದಿನದೊಳಗೆ ಕೊಡಬೇಕು. ಇಲ್ಲವೇ ಕೊನೆಯ ತಿಂಗಳ ಬಾಡಿಗೆ ಬೇಡ ಎಂದು ಬರೆದು ಕೊಡಬೇಕು. ನಿಮ್ಮ ಬಾಡಿಗೆ 3,200 ಡಾಲರ್ ಆದರೆ ಸಿಗುವುದು 3,200 ಡಾಲರ್.

‘ನಮಗೆ ಸಂಬಳ ಚೆನ್ನಾಗಿದೆ, ಇದೆಲ್ಲ ಬಡವರಿಗೆ ಇರಬೇಕು’ ಎಂದು ನಮ್ಮವರೇ ಬಿಟ್ಟುಕೊಡುವುದನ್ನು ನೋಡಿದ್ದೇನೆ. ರಾಜ್ಯದ ಕಾನೂನಿನಲ್ಲಿ ಆದಾಯದ ಪ್ರಶ್ನೆಯೇ ಇಲ್ಲ. ಮೊದಲ ಅಪಾರ್ಟ್‌ಮೆಂಟ್ ಬಿಡುವಾಗ ನಾನೂ ಇದೇ ಸಂಕೋಚದಲ್ಲಿ ಕೇಳದೆ ಬಂದವನು.

ಊರಿನ ಕಾನೂನಿನಲ್ಲಿ ಲೆಕ್ಕ ಬೇರೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಣ ಮನೆಗಲ್ಲ, ತಲೆಗೆ. 12 ತಿಂಗಳು ಇದ್ದ ಪ್ರತಿಯೊಬ್ಬರಿಗೂ, ಮಕ್ಕಳಿಗೂ ಸೇರಿ. 2006ರಲ್ಲಿ ಜನ ಮತ ಹಾಕಿ ತಂದಾಗ ತಲೆಗೆ 4,500 ಡಾಲರ್, ಒಂದು ಮನೆಗೆ ಹೆಚ್ಚೆಂದರೆ 13,500. ಮನೆಯಲ್ಲಿ 18ರ ಒಳಗಿನ ಮಕ್ಕಳಿದ್ದರೆ ಇನ್ನೂ 3,000. 60 ದಾಟಿದವರಿಗೆ, ಅಂಗವೈಕಲ್ಯ ಇರುವವರಿಗೂ ಅಷ್ಟೇ ಹೆಚ್ಚುವರಿ. ಅಂದರೆ ಗಂಡ, ಹೆಂಡತಿ, ಇಬ್ಬರು ಚಿಕ್ಕ ಮಕ್ಕಳಿರುವ ಮನೆಗೆ ಆಗಲೇ 16,500 ಡಾಲರ್. ಈ ದರ ಪ್ರತಿ ಮಾರ್ಚ್ 1ಕ್ಕೆ ಏರುತ್ತಾ ಬಂದಿದೆ, ಹಾಗಾಗಿ ಈಗಿನ ಮೊತ್ತ ಇದಕ್ಕಿಂತ ಎಷ್ಟೋ ಹೆಚ್ಚು. ಈ ವರ್ಷದ ದರ ರೆಂಟ್ ಬೋರ್ಡ್ ಪ್ರಕಟಿಸುತ್ತದೆ. ಅರ್ಧ ಹಣ ನೋಟಿಸ್ ಜೊತೆ, ಉಳಿದರ್ಧ ನೀವು ಮನೆ ಬಿಡುವಾಗ.

ಲಾಸ್ ಏಂಜಲೀಸ್‌ನಲ್ಲಿ ಎಷ್ಟು ವರ್ಷ ಇದ್ದಿರಿ, ಆದಾಯ ಎಷ್ಟು, ಮನೆಯಲ್ಲಿ 62 ದಾಟಿದವರೋ ಚಿಕ್ಕ ಮಕ್ಕಳೋ ಇದ್ದಾರಾ ಎಂಬುದರ ಮೇಲೆ ಮೊತ್ತ ನಿಲ್ಲುತ್ತದೆ.

ಇನ್ನು ‘ಎಲಿಸ್ ಕಾಯ್ದೆ’. ಬಾಡಿಗೆ ವ್ಯವಹಾರದಿಂದಲೇ ಹೊರಬರಲು ಓನರಿಗೆ ದಾರಿ ಕೊಡುವ, 1985ರ ರಾಜ್ಯ ಕಾನೂನು ಇದು. ಬಾಡಿಗೆ ನಿಯಂತ್ರಣ ಇರುವ ಊರುಗಳಲ್ಲಿ ಹೀಗೆ ಬಿಡಿಸುವುದಾದರೆ 60 ದಿನ ಸಾಲದು, 120 ದಿನ ಕೊಡಬೇಕು. ಒಂದು ವರ್ಷವಾದರೂ ಇದ್ದ, 62 ದಾಟಿದವರು ಅಥವಾ ಅಂಗವೈಕಲ್ಯ ಇರುವವರು ಕೇಳಿಕೊಂಡರೆ ಒಂದು ವರ್ಷ ಸಮಯ.

ಇಲ್ಲಿ ಮೂರು ಗುಂಡಿಗಳಿವೆ. ಮೊದಲನೆಯದು, ‘ನಿಮ್ಮ ಡೆಪಾಸಿಟ್ ವಾಪಸ್ ಕೊಡ್ತೀನಲ್ಲ, ಅದೇ ಸ್ಥಳಾಂತರ ಹಣ’ ಎಂಬ ಮಾತು. ಡೆಪಾಸಿಟ್ ನಿಮ್ಮದೇ ದುಡ್ಡು, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಎರಡನೆಯದು, ಹಣ ತೆಗೆದುಕೊಂಡು ಮನೆ ಬಿಡದೆ ಕೂರುವುದು. ನೋಟಿಸ್ ಸರಿಯಿದ್ದರೆ ಆ ಹಣವನ್ನು ಓನರ್ ಕೋರ್ಟಿನಲ್ಲಿ ವಾಪಸ್ ಕೇಳಬಹುದು. ಮೂರನೆಯದು, ‘ಕೀಲಿಗೆ ಕಾಸು’. ನೋಟಿಸೇ ಕೊಡದೆ, ‘ಇಷ್ಟು ಡಾಲರ್ ಕೊಡ್ತೀನಿ, ತಿಂಗಳೊಳಗೆ ಹೋಗಿ’ ಎಂದು ಒಪ್ಪಂದಕ್ಕೆ ಕರೆಯುವುದಕ್ಕೆ ಹೀಗನ್ನುತ್ತಾರೆ. ಒಪ್ಪುವುದು ತಪ್ಪಲ್ಲ, ಆದರೆ ಕಾನೂನಿನಂತೆ ನಿಮಗೆ ಬರಬೇಕಾದ್ದೆಷ್ಟು ಎಂದು ಗೊತ್ತಾಗುವ ಮುಂಚೆ ಸಹಿ ಹಾಕಬೇಡಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸಹಿ ಹಾಕಿದ ಮೇಲೂ 45 ದಿನದೊಳಗೆ ಮನಸ್ಸು ಬದಲಿಸಬಹುದು. ಎಲ್ಲ ಊರಲ್ಲೂ ಹಾಗಿಲ್ಲ.

ಹಂತ 5: ಬಾಡಿಗೆ ಕಟ್ಟುತ್ತಿರಿ, ಕಾಗದ ಕೂಡಿಸಿ

ಜಗಳ ಇದೆ ಎಂದು ಬಾಡಿಗೆ ನಿಲ್ಲಿಸಬೇಡಿ. ನಿಲ್ಲಿಸಿದರೆ ‘ತಪ್ಪಿಲ್ಲದ’ ನೀವು ಮರುದಿನವೇ ‘ತಪ್ಪಿನ’ ಪಟ್ಟಿಗೆ ಬರುತ್ತೀರಿ. ಓನರ್ ಬೇಡ ಎಂದರೆ, ಕಟ್ಟಲು ಹೋದದ್ದಕ್ಕೆ ಸಾಕ್ಷಿ ಇಟ್ಟುಕೊಂಡು ಆ ಹಣವನ್ನು ಬೇರೆ ಖಾತೆಯಲ್ಲಿ ಮುಟ್ಟದೆ ಇಡಿ.

ಲೀಸ್, ಬಾಡಿಗೆ ಕಟ್ಟಿದ ಬ್ಯಾಂಕ್ ದಾಖಲೆ, ಬಾಡಿಗೆ ಏರಿಸಿದ ಪತ್ರಗಳು, ರಿಪೇರಿಗೆ ಕೇಳಿದ ಇಮೇಲು, ತೇವ ಹಿಡಿದ ಗೋಡೆಯ ಫೋಟೋ, ಎಲ್ಲ ಒಂದೇ ಕಡೆ. ವಾಟ್ಸಾಪ್ ಮಾತುಕತೆಯ ಸ್ಕ್ರೀನ್‌ಶಾಟ್ ದಿನಾಂಕ ಕಾಣುವಂತೆ ತೆಗೆಯಿರಿ. ಫೋನಿನಲ್ಲಿ ಮಾತಾಡಿದರೆ, ‘ನೀವು ಇವತ್ತು ಹೀಗೆ ಹೇಳಿದಿರಿ’ ಎಂದು ಆಮೇಲೆ ಒಂದು ಇಮೇಲ್ ಹಾಕಿ. ಗೊತ್ತಾಗದಂತೆ ಕರೆ ರೆಕಾರ್ಡ್ ಮಾಡಬೇಡಿ. ಖಾಸಗಿ ಮಾತನ್ನು ಇನ್ನೊಬ್ಬರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡುವುದು ಈ ರಾಜ್ಯದಲ್ಲಿ ಅಪರಾಧ.

ಓನರ್ ಬೀಗ ಬದಲಿಸಿದರೆ, ನೀರು ಕರೆಂಟು ಕಿತ್ತರೆ, ಸಾಮಾನು ಹೊರಗಿಟ್ಟರೆ ಪೊಲೀಸರನ್ನು ಕರೆಯಿರಿ. ಕೇಸು ಯಾರ ಕಡೆ ಇದ್ದರೂ ಹೀಗೆ ಮಾಡುವುದು ಕಾನೂನುಬಾಹಿರ. ನಿಮಗಾದ ನಷ್ಟದ ಮೇಲೆ ದಿನಕ್ಕೆ 100 ಡಾಲರ್ ತನಕ ದಂಡ, ಕಡಿಮೆಯೆಂದರೆ 250 ಡಾಲರ್ ಕೇಳಬಹುದು.

ವೀಸಾದ ಭಯ ನಮ್ಮಲ್ಲಿ ತುಂಬಾ ಜನರಿಗೆ ಇದೆ. ಇದು ಸಿವಿಲ್ ವ್ಯಾಜ್ಯ, ಕ್ರಿಮಿನಲ್ ಕೇಸಲ್ಲ. ‘ಇಮಿಗ್ರೇಷನ್‌ಗೆ ಹೇಳ್ತೀನಿ’ ಎಂದು ಓನರ್ ಹೆದರಿಸುವುದೇ ಕ್ಯಾಲಿಫೋರ್ನಿಯಾದಲ್ಲಿ ಕಾನೂನಿಗೆ ವಿರುದ್ಧ. ಆ ಮೆಸೇಜನ್ನೂ ಫೈಲಿಗೆ ಹಾಕಿ.

ಹಂತ 6: ಸಮನ್ಸ್ ಬಂದಿದೆ. ಇವತ್ತೇ ಎಣಿಸಿ

ಉತ್ತರ ಸಲ್ಲಿಸಲು ನಿಮಗಿರುವುದು 10 ಕೋರ್ಟ್ ದಿನ. ಶನಿವಾರ, ಭಾನುವಾರ, ಕೋರ್ಟ್ ರಜೆ ಬಿಟ್ಟು. 2025ರ ಜನವರಿ 1ಕ್ಕೆ ಮುಂಚೆ ಇದು ಬರೀ 5 ದಿನ ಇತ್ತು. ಹಳೆಯ ಬರಹಗಳಲ್ಲಿ ಇನ್ನೂ 5 ಎಂದೇ ಇರುತ್ತದೆ, ಗಾಬರಿ ಬೇಡ. ಕೈಗೇ ಕೊಟ್ಟಿರದಿದ್ದರೆ ಇನ್ನಷ್ಟು ದಿನ ಸಿಗಬಹುದು, ಆದರೆ ಆ ಲೆಕ್ಕದಲ್ಲಿ ಎಡವುವವರು ಬಹಳ. ಕಾಗದ ಮನೆಗೆ ಬಂದ ದಿನದಿಂದಲೇ ಎಣಿಸಿ.

ಉತ್ತರ ಕೊಡದಿದ್ದರೆ? ನಿಮ್ಮ ಮಾತು ಕೇಳದೆಯೇ ಓನರ್ ಪರ ತೀರ್ಪು ಬರುತ್ತದೆ. ಎಷ್ಟೇ ಒಳ್ಳೆಯ ವಾದ ಇದ್ದರೂ ಫ್ರಿಜ್ ಮೇಲಿದ್ದರೆ ಪ್ರಯೋಜನ ಇಲ್ಲ.

ಮಾಡಬೇಕಾದದ್ದು ಹೀಗೆ. ‘ಯುಡಿ-105’ ಎಂಬ ಉತ್ತರದ ಫಾರಂ ತುಂಬಿ. ಕೋರ್ಟಿನ ಸ್ವಸಹಾಯ ಕೇಂದ್ರದಲ್ಲಿ ಬಿಟ್ಟಿಯಾಗಿ ಸಿಗುತ್ತದೆ, ತುಂಬಲು ನೆರವೂ ಸಿಗುತ್ತದೆ. ಅದರ ಒಂದು ಪ್ರತಿಯನ್ನು ಓನರ್ ಅಥವಾ ಅವರ ವಕೀಲರಿಗೆ ಅಂಚೆಯಲ್ಲಿ ಕಳಿಸಬೇಕು. ಅಂಚೆಗೆ ಹಾಕುವವರು ನೀವಾಗಿರಬಾರದು, ಕೇಸಿನಲ್ಲಿ ಇಲ್ಲದ 18 ದಾಟಿದ ಯಾರಾದರೂ ಆಗಬೇಕು. ಅವರು ಕಳಿಸಿದ್ದೇನೆ ಎಂದು ಇನ್ನೊಂದು ಫಾರಂನಲ್ಲಿ ಸಹಿ ಹಾಕಬೇಕು. ಆಮೇಲೆ ಎಲ್ಲವನ್ನೂ ಕೋರ್ಟಿಗೆ ಸಲ್ಲಿಸಿ. ಶುಲ್ಕ ಕಟ್ಟಲು ಕಷ್ಟವಾದರೆ ಮಾಫಿಗೆ ‘ಎಫ್‌ಡಬ್ಲ್ಯೂ-001’ ಫಾರಂ ಇದೆ.

ಸಮನ್ಸಿನಲ್ಲಿ ಯಾರ ಯಾರ ಹೆಸರಿದೆ ನೋಡಿ. ಹೆಸರಿರುವ ಪ್ರತಿಯೊಬ್ಬ ದೊಡ್ಡವರೂ ಉತ್ತರ ಕೊಡಬೇಕು. ಗಂಡ ಮಾತ್ರ ಸಹಿ ಹಾಕಿ ಹೆಂಡತಿಯದು ಬಿಟ್ಟುಹೋದರೆ ಹೆಂಡತಿಯ ವಿರುದ್ಧ ತೀರ್ಪು ಆಗಿಬಿಡುತ್ತದೆ. ಮನೆಯಲ್ಲಿದ್ದೂ ಹೆಸರಿಲ್ಲದ ರೂಮ್‌ಮೇಟ್‌ಗಳಿಗೆ ‘ಸಿಪಿ10.5’ ಎಂಬ ಬೇರೆ ಫಾರಂ, ಅದಕ್ಕೆ 10 ದಿನ.

ಹಂತ 7: ಉತ್ತರದಲ್ಲಿ ಯಾವ ವಾದ ಬರೆಯಬೇಕು?

ಯುಡಿ-105ರಲ್ಲಿ ವಾದಗಳ ಪಟ್ಟಿಯೇ ಇದೆ. ನಿಮಗೆ ಹೊಂದುವ ಎಲ್ಲಕ್ಕೂ ಗುರುತು ಹಾಕಿ, ಪಕ್ಕದಲ್ಲಿ ಏನಾಯಿತು ಎಂದು ದಿನಾಂಕದ ಜೊತೆ ಎರಡು ಸಾಲು ಬರೆಯಿರಿ. ಈಗ ಬರೆಯದ ವಾದವನ್ನು ಆಮೇಲೆ ಎತ್ತುವುದು ಕಷ್ಟ.

ನೋಟಿಸಿನ ತಪ್ಪು, ಕಾರಣ ಇಲ್ಲದ್ದು, ಸ್ಥಳಾಂತರ ಹಣ ಕೊಡದ್ದು, ಇವನ್ನು ಮೇಲೆ ಹೇಳಿದ್ದೇನೆ. ಉಳಿದವುಗಳಲ್ಲಿ ಎಲ್ಲಕ್ಕಿಂತ ಬಲವಾದದ್ದು ಮನೆ ವಾಸಕ್ಕೆ ಯೋಗ್ಯವಾಗಿಲ್ಲ ಎನ್ನುವುದು. ಬಾಡಿಗೆ ತೆಗೆದುಕೊಳ್ಳುವವರು ಮನೆಯನ್ನು ವಾಸಯೋಗ್ಯವಾಗಿ ಇಡಬೇಕು, ಇಡದಿದ್ದರೆ ಬಾಡಿಗೆ ಬಾಕಿಯ ಕೇಸಿನಲ್ಲಿ ಅದೇ ರಕ್ಷಣೆಯಾಗುತ್ತದೆ ಎಂದು ರಾಜ್ಯದ ಸುಪ್ರೀಂ ಕೋರ್ಟ್ 1974ರಲ್ಲೇ ಹೇಳಿದೆ. ಹೀಟರ್ ಇಲ್ಲ, ಬಿಸಿನೀರು ಇಲ್ಲ, ಛಾವಣಿ ಸೋರುತ್ತದೆ, ಜಿರಳೆ ಇಲಿ ಕಾಟ, ಬೂಷ್ಟು. ಕೋರ್ಟ್ ಒಪ್ಪಿದರೆ ಬಾಡಿಗೆಯನ್ನೇ ಇಳಿಸುತ್ತದೆ. ಇಳಿಸಿದ ಮೊತ್ತವನ್ನು ಹೇಳಿದ ದಿನದೊಳಗೆ ಕಟ್ಟಿದರೆ ನೀವು ಅಲ್ಲೇ ಇರಬಹುದು. ಅದಕ್ಕೇ ಹಣ ಖರ್ಚು ಮಾಡದೆ ಇಡಿ ಎಂದು ಮೇಲೆ ಹೇಳಿದ್ದು.

ಇನ್ನೊಂದು, ಸೇಡಿನ ವಾದ. ರಿಪೇರಿಗೆ ದೂರು ಕೊಟ್ಟ ಅಥವಾ ಊರಿನ ತನಿಖಾಧಿಕಾರಿಯನ್ನು ಕರೆಸಿದ 180 ದಿನದೊಳಗೆ ಓನರ್ ನಿಮ್ಮನ್ನು ಬಿಡಿಸಲು ಹೊರಟರೆ ಕಾನೂನು ನಿಮ್ಮ ಪರ ಇದೆ. ಆದರೆ ನೀವು ಬಾಡಿಗೆ ಬಾಕಿ ಇಟ್ಟಿರಬಾರದು. ಎಬಿ 1482 ಸಿಗದ ಬಿಡಿ ಮನೆಯವರಿಗೂ ಈ ವಾದ ಇದೆ. ಜನಾಂಗ, ಧರ್ಮ, ಮೂಲದೇಶ, ಮಕ್ಕಳಿರುವುದು ಇಂಥ ಕಾರಣಕ್ಕೆ ಬಿಡಿಸುತ್ತಿದ್ದಾರೆ ಎಂಬ ತಾರತಮ್ಯದ ವಾದವೂ ಅಷ್ಟೇ. ನೋಟಿಸಿನ ಗಡುವು ಮುಗಿದ ಮೇಲೂ ಓನರ್ ಬಾಡಿಗೆ ತೆಗೆದುಕೊಂಡಿದ್ದರೆ ಅದನ್ನೂ ಬರೆಯಿರಿ.

ಹಂತ 8: ವಿಚಾರಣೆ ಅಥವಾ ರಾಜಿ

ಯಾರಾದರೂ ವಿಚಾರಣೆ ಕೇಳಿದರೆ ಸಾಮಾನ್ಯವಾಗಿ 20 ದಿನದೊಳಗೆ ದಿನಾಂಕ ಬೀಳುತ್ತದೆ. ಅಷ್ಟರೊಳಗೆ ವಕೀಲರನ್ನು ಹುಡುಕಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2018ರ ಮತದಾನದ ನಂತರ ಇಂಥ ಕೇಸಿಗೆ ಬಾಡಿಗೆದಾರರಿಗೆ ವಕೀಲರನ್ನು ಒದಗಿಸುವ ವ್ಯವಸ್ಥೆ ಇದೆ. ಬೇರೆ ಕಡೆ ಕಾನೂನು ನೆರವಿನ ಸಂಸ್ಥೆಗಳು, ಕೋರ್ಟಿನ ಸ್ವಸಹಾಯ ಕೇಂದ್ರ.

ಇಂಗ್ಲಿಷ್ ಸರಿಯಾಗಿ ಬಾರದ ಅಮ್ಮನೋ ಮಾವನೋ ಸಾಕ್ಷಿ ಹೇಳಬೇಕಾದರೆ ಕೋರ್ಟಿಗೆ ದುಭಾಷಿ ಬೇಕೆಂದು ಕೇಳಬಹುದು. ‘ಐಎನ್‌ಟಿ-300’ ಫಾರಂನಲ್ಲಿ ಭಾಷೆ ‘ಕನ್ನಡ’ ಎಂದೇ ಬರೆಯಿರಿ. ಹಿಂದಿ ನಡೆಯುತ್ತೆ ಅಂತ ರಾಜಿ ಆಗಬೇಡಿ. ಕನ್ನಡದ ದುಭಾಷಿ ಸಿಗಲು ಸಮಯ ಹಿಡಿಯಬಹುದು, ಬೇಗ ಕೇಳಿ.

ಎಷ್ಟೋ ಕೇಸುಗಳು ಕೋರ್ಟಿನ ಪಡಸಾಲೆಯಲ್ಲೇ ರಾಜಿಯಾಗುತ್ತವೆ. ರಾಜಿಯಲ್ಲಿ ನಾಲ್ಕು ವಿಷಯ ಬರಹದಲ್ಲಿ ಇರಲಿ: ಎಂದು ಮನೆ ಬಿಡುತ್ತೀರಿ, ಎಷ್ಟು ಹಣ ಯಾರು ಯಾರಿಗೆ ಯಾವಾಗ, ಡೆಪಾಸಿಟ್ ಏನಾಗುತ್ತದೆ, ಕೇಸಿನ ದಾಖಲೆ ಮುಚ್ಚಿಯೇ ಇರುತ್ತದೆಯಾ. ಕೊನೆಯದು ಎಲ್ಲರೂ ಮರೆಯುವುದು. ಕೇಸು ಹಾಕಿದ 60 ದಿನದೊಳಗೆ ಓನರ್ ಗೆಲ್ಲದಿದ್ದರೆ ದಾಖಲೆ ಸಾರ್ವಜನಿಕರಿಗೆ ಕಾಣುವುದಿಲ್ಲ. ನೀವೇ ರಾಜಿ ಹೆಸರಿನಲ್ಲಿ ‘ತೀರ್ಪು’ ಒಪ್ಪಿಕೊಂಡರೆ ಅದು ಮುಂದಿನ ಓನರಿಗೆ ಕಾಣಬಹುದು. ಹಿಂದೆ ಕೇಸಾಗಿತ್ತು ಎಂದರೆ ಮನೆ ಸಿಗುವುದು ಕಷ್ಟ.

ಸೋತರೆ? ಷೆರಿಫ್ ಬಾಗಿಲಿಗೆ 5 ದಿನದ ನೋಟಿಸ್ ಅಂಟಿಸುತ್ತಾರೆ. ಆ ನಡುವೆಯೂ ಹೆಚ್ಚು ಸಮಯ ಬೇಕೆಂದು ಜಡ್ಜರನ್ನು ಕೇಳಬಹುದು. ಬಾಡಿಗೆ ಬಾಕಿಯ ಕೇಸಾದರೆ, ಪೂರ್ತಿ ಬಾಕಿ ಕಟ್ಟುತ್ತೇನೆ, ಕಷ್ಟ ಇಂಥದ್ದು, ಮನೆ ಉಳಿಸಿಕೊಡಿ ಎಂದೂ ಬೇಡಬಹುದು. ಆರನೇ ದಿನಕ್ಕೆ ಮಾತ್ರ ಕಾಯಬೇಡಿ.

ಹಂತ 9: ಮನೆ ಬಿಟ್ಟು ಹೋಗುವುದೇ ಆದರೆ

ಹೋಗುವ ಮುಂಚೆ ಪ್ರತಿ ಕೋಣೆಯ ವಿಡಿಯೋ ತೆಗೆಯಿರಿ, ಒಲೆಯ ಒಳಗೂ. ನಮ್ಮ ಒಗ್ಗರಣೆಯ ಕಲೆಗೆ ದುಡ್ಡು ಹಿಡಿಯುವುದು ಇಲ್ಲಿಯ ಓನರ್‌ಗಳಿಗೆ ಪ್ರೀತಿಯ ಕೆಲಸ. ಕೀಲಿ ಕೊಟ್ಟದ್ದಕ್ಕೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ, ಹೊಸ ವಿಳಾಸ ಕೊಡಿ. 21 ದಿನದೊಳಗೆ ಡೆಪಾಸಿಟ್ ಅಥವಾ ಹಿಡಿದುಕೊಂಡದ್ದರ ಲೆಕ್ಕ ಬರಬೇಕು. ಬರದಿದ್ದರೆ ಸಣ್ಣ ಮೊತ್ತಗಳ ಕೋರ್ಟಿಗೆ ಹೋಗಬಹುದು, ಅಲ್ಲಿ ವಕೀಲರೇ ಬೇಡ.

‘ನಾವೇ ಬಂದು ಇರುತ್ತೇವೆ’ ಎಂಬ ಕಾರಣಕ್ಕೆ ಬಿಟ್ಟಿದ್ದರೆ, ಕ್ಯಾಲೆಂಡರಿನಲ್ಲಿ 90ನೇ ದಿನಕ್ಕೆ ಗುರುತು ಹಾಕಿ. ಆ ಹೊತ್ತಿಗೆ ನಿಮ್ಮ ಹಳೆಯ ಮನೆ ಬಾಡಿಗೆ ಜಾಹೀರಾತಿನಲ್ಲಿ ಕಾಣಿಸಿದರೆ ಸ್ಕ್ರೀನ್‌ಶಾಟ್ ತೆಗೆಯಿರಿ. ಹೇಳಿದವರು ಬಂದು ಇರದಿದ್ದರೆ ಹಳೆಯ ಬಾಡಿಗೆಗೇ ಆ ಮನೆಯನ್ನು ಮೊದಲು ನಿಮಗೆ ಕೊಡಬೇಕು, ಸಾಮಾನು ಸಾಗಿಸಿದ ಖರ್ಚನ್ನೂ ಕೊಡಬೇಕು. ಬೇಕೆಂದೇ ಸುಳ್ಳು ಹೇಳಿದ್ದು ಎಂದು ಸಾಬೀತಾದರೆ ನಷ್ಟದ ಮೂರು ಪಟ್ಟು ತನಕ ಕೋರ್ಟ್ ಕೊಡಿಸಬಹುದು.